ಕನ್ನಡಿಯೊಳಗಿನ ಕಾರು

ಹೊಸ ಕಾರು ಬಂದ ಮೂರನೆಯ ದಿನ ಅದರ ಎರಡೂ ಪಕ್ಕದ ಕನ್ನಡಿಗಳನ್ನು ಹೊರಕ್ಕೆ ತಿರುಗಿಸಿದೆ. ಇದೇನು ಬರೆದುಕೊಳ್ಳುವಂಥ ಸಂಗತಿಯೇ ಎಂದು ನೀವು ಕೇಳಬಹುದು. ನನಗೆ ಮಾತ್ರ ಅಷ್ಟಕ್ಕೇ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಯಿತು. ಆ ಕಾರಿನಲ್ಲಿ ನಾನು ಮೊದಲು ಮರುಳಾದದ್ದೇ ಅದರ ಹಿಂಬದಿಯ ಮೈಕಟ್ಟಿಗೆ. ಹಿಂದಿನ ಚಕ್ರದ ಮೇಲೆ ತಗಡು ಒಮ್ಮೆಲೇ ಉಬ್ಬಿ, ಓಟಕ್ಕೆ ಸಜ್ಜಾಗಿ ನಿಂತವನ ತೊಡೆಯಂತೆ ಬಿಗಿದುಕೊಂಡು, ಮೆಲ್ಲಗೆ ದೀಪದ ಕಡೆಗೆ ಇಳಿಯುತ್ತದೆ. ಚಾಲಕನ ಸೀಟಿನಲ್ಲಿ ಕುಳಿತವನಿಗೆ ಈ ಉಬ್ಬು ಕಾಣುವುದು ಪಕ್ಕದ ಕನ್ನಡಿಯಲ್ಲಿ ಮಾತ್ರ. ಮೊದಲೆರಡು ದಿನ ಕನ್ನಡಿಯ ಒಳ ಅಂಚಿನಲ್ಲಿ ಅದು ಹೊಳೆಯುತ್ತ ನನ್ನ ಜೊತೆಗೇ ಬರುತ್ತಿತ್ತು. ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಕದ್ದು ನೋಡುತ್ತಿದ್ದೆ. ಮೂರನೆಯ ದಿನ ಅದು ಕಾಣದಂತೆ ನಾನೇ ಮಾಡಿಕೊಂಡೆ.

ಇಂಥದೊಂದು ಕಾರು ಕೊಳ್ಳಬೇಕೆಂಬ ಆಸೆಗೆ ಇಪ್ಪತ್ತು ವರ್ಷ ದಾಟಿತ್ತು. ಅಷ್ಟು ಕಾಲವೂ ಅದು ಕನ್ನಡಿಯೊಳಗಿನ ಗಂಟು. ಮನೆಯ ಸಾಲ, ಮಗಳ ಓದು, ಒಂದಾದ ಮೇಲೊಂದು ಎದುರು ಬಂದು ನಿಲ್ಲುತ್ತಿದ್ದವು. ನಾನು ಡಿಕ್ಕಿ ದೊಡ್ಡದಿರುವ, ಯಾರೂ ತಿರುಗಿ ನೋಡದ ಕಾರುಗಳನ್ನು ಓಡಿಸಿಕೊಂಡಿದ್ದೆ. ಐವತ್ತು ದಾಟಿದ ಮೇಲೆ ಗಂಟು ಕೈಗೆ ಸಿಗುವಷ್ಟು ಹತ್ತಿರ ಬಂತು. ಯಾವುದು ಬೇಕು ಎಂಬ ನಿಜವಾದ ಪ್ರಶ್ನೆ ಹುಟ್ಟಿದ್ದು ಆಗಲೇ. ಸಿಗದ ವಸ್ತುವಿನ ವಿಷಯದಲ್ಲಿ ಆಯ್ಕೆಯ ತೊಂದರೆ ಇರುವುದಿಲ್ಲ ನೋಡಿ, ಎಲ್ಲವೂ ಬೇಕೆನಿಸುತ್ತದೆ.

ಪರ್ಫಾರ್ಮೆನ್ಸ್ ಕಾರು ಎನ್ನುತ್ತಾರಲ್ಲ, ಅದಕ್ಕೆ ಸರಿಹೊಂದುವ ಕನ್ನಡ ಪದ ನನಗೆ ಹೊಳೆಯಲಿಲ್ಲ. ವೇಗದ ಕಾರು ಎಂದರೆ ಅರ್ಧವನ್ನಷ್ಟೇ ಹೇಳಿದಂತೆ. ಬೇಗ ನಿಲ್ಲುವುದೂ ತಿರುವಿನಲ್ಲಿ ಹೇಳಿದ ಮಾತು ಕೇಳುವುದೂ ಅದರ ಕಸುಬೇ. ಕಸುವಿನ ಕಾರು ಎನ್ನಬಹುದಲ್ಲ ಎಂದು ಹೆಂಡತಿ ಸೂಚಿಸಿದಳು. ಅದೇ ಇರಲಿ.

ಮೊದಲು ಎಲ್ಲರಂತೆ ನಾನೂ ಅಂಕಿಗಳ ಬೆನ್ನು ಹತ್ತಿದೆ. ನೋಟ್‌ಬುಕ್‌ನಲ್ಲಿ ಗೆರೆ ಹಾಕಿ ಅಶ್ವಶಕ್ತಿ, ಟಾರ್ಕ್ ಎಂಬ ತಿರುಚುಬಲ, ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು ಬೇಕಾದ ಸೆಕೆಂಡು, ತೂಕ ಎಲ್ಲವನ್ನೂ ಬರೆದೆ. ಕೊನೆಗೆ ಮೂರು ಕಾರು ಉಳಿದವು. ಒಂದು 500 ಅಶ್ವಶಕ್ತಿಯ, 1,900 ಕಿಲೋ ತೂಗುವ ಸೆಡಾನ್. ಇನ್ನೊಂದು 230 ಅಶ್ವಶಕ್ತಿಯ, 1,280 ಕಿಲೋದ, ಎರಡು ಬಾಗಿಲಿನ ತಗ್ಗು ಕೂಪೆ. ಮೂರನೆಯದು 300 ಅಶ್ವಶಕ್ತಿಯ, 1,400 ಕಿಲೋದ ಹ್ಯಾಚ್‌ಬ್ಯಾಕ್. ಭಾಗಾಕಾರ ಮಾಡಿದರೆ ಟನ್ನಿಗೆ ಸುಮಾರು 263, 180 ಮತ್ತು 214 ಅಶ್ವಶಕ್ತಿ. ಇಷ್ಟೇ ನೋಡಿದರೆ ಸೆಡಾನ್ ಗೆದ್ದಿತು, ಪುಸ್ತಕ ಮುಚ್ಚಬಹುದು.

ಮುಚ್ಚಲಿಲ್ಲ. ಎಂಜಿನ್ ಕೊಟ್ಟದ್ದನ್ನೆಲ್ಲ ಬ್ರೇಕು ಮರಳಿ ತೆಗೆಯಬೇಕು. ನೂರರ ವೇಗದಲ್ಲಿರುವ 1,400 ಕಿಲೋದ ಕಾರನ್ನು ನಿಲ್ಲಿಸುವಾಗ ಹುಟ್ಟುವ ಶಾಖ ಒಂದೂವರೆ ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಇನ್ನೂರರಲ್ಲಿದ್ದರೆ ಎರಡರಷ್ಟಲ್ಲ, ನಾಲ್ಕರಷ್ಟು, ಆರು ಲೀಟರ್. ಆ ಶಾಖವೆಲ್ಲ ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಕಬ್ಬಿಣದ ತಟ್ಟೆಗಳಿಗೆ ಹೋಗಬೇಕು. 1,900 ಕಿಲೋ ಎಂದರೆ ಪ್ರತಿ ಸಲವೂ ಇದರ ಮೇಲೆ ಇನ್ನೂ ಮೂರನೇ ಒಂದು ಪಾಲಿಗೂ ಮೀರಿದ ಶಾಖ. ಟೈರುಗಳ ಲೆಕ್ಕವೂ ಹಾಗೆಯೇ. ಎಷ್ಟೇ ದೊಡ್ಡ ಕಾರಿರಲಿ, ನೆಲವನ್ನು ಮುಟ್ಟುವುದು ಹೆಚ್ಚುಕಡಿಮೆ ನಾಲ್ಕು ಅಂಗೈಯಷ್ಟು ರಬ್ಬರು. ತೂಕ ಒಂದು ಸಲ ಮೈಗೆ ಹತ್ತಿದರೆ ಪ್ರತಿ ತಿರುವಿನಲ್ಲೂ ಪ್ರತಿ ಬ್ರೇಕಿನಲ್ಲೂ ತನ್ನ ಪಾಲು ಕೇಳುತ್ತದೆ. 1976ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಕಂಪನಿಯ ಮೊದಲ ಗಾಲ್ಫ್ ಜಿಟಿಐಗೆ ಇದ್ದದ್ದು 110 ಅಶ್ವಶಕ್ತಿ. ತೂಕ ಒಂದು ಟನ್ನಿಗೂ ಕಡಿಮೆ. ಅಷ್ಟರಿಂದಲೇ ಕಸುವಿನ ಹ್ಯಾಚ್‌ಬ್ಯಾಕ್‌ಗಳ ಒಂದು ಕುಲವೇ ಬೆಳೆಯಿತು.

ಸೆಡಾನನ್ನು ಅರ್ಧ ಗಂಟೆ ಓಡಿಸಿದೆ. ಅದ್ಭುತ ಯಂತ್ರ. ಆಕ್ಸಿಲರೇಟರ್ ಮೇಲೆ ಪಾದ ಇಟ್ಟದ್ದೇ ತಡ, ರಸ್ತೆ ಮುಗಿದುಹೋಯಿತು. ನನ್ನ ತಕರಾರೂ ಅದೇ. ಎರಡನೆಯ ಗೇರಿನಲ್ಲೇ ಕಾನೂನಿನ ಮಿತಿ ಬಂದು ನಿಂತರೆ ಉಳಿದ ಗೇರುಗಳನ್ನು ಏನು ಮಾಡಲಿ? ಊಟದ ಎಲೆಯ ಮುಂದೆ ಕೂರಿಸಿ ಕೈ ಕಟ್ಟಿದ ಹಾಗೆ.

ಕೂಪೆಯ ಮೇಲೆ ನಿಜಕ್ಕೂ ಪ್ರೀತಿಯಾಗಿತ್ತು. ಹಗುರ, ಹಿಂದಿನ ಚಕ್ರಗಳ ಚಾಲನೆ, ಕೈಯಿಂದ ಬದಲಿಸುವ ಗೇರು, ನೆಲಕ್ಕೆ ಅಂಟಿಕೊಂಡಂಥ ಸೀಟು. ಷೋರೂಮಿನಿಂದ ಹೊರಗೆ ತೆಗೆಯಲೆಂದು ರಿವರ್ಸ್ ಗೇರು ಹಾಕಿ ಹಿಂದಿರುಗಿ ನೋಡಿದೆ. ಕಂಡದ್ದು ಕಪ್ಪು ಕಂಬ. ಚಾವಣಿಯನ್ನು ಹೊರುವ ಹಿಂದಿನ ಕಂಬಗಳು ಹೊಸ ಕಾರುಗಳಲ್ಲಿ ದಪ್ಪವಾಗುತ್ತ ಬಂದಿವೆ. ಕಾರು ಮಗುಚಿದರೆ ಚಾವಣಿ ಕುಸಿಯಬಾರದು, ಕಂಬದ ಒಳಗೆ ಗಾಳಿಚೀಲಕ್ಕೂ ಜಾಗ ಬೇಕು. ಕಿಟಕಿಯ ಕೆಳಗೆರೆ ಹಿಂದಕ್ಕೆ ಹೋದಂತೆ ಮೇಲೇರುವುದು ಮಾತ್ರ ಬರಿಯ ಚೆಲುವಿಗೆ. ಒಟ್ಟಿನಲ್ಲಿ ಹಿಂದಿನ ಗಾಜು ಅಂಚೆಪೆಟ್ಟಿಗೆಯ ಬಾಯಿಯಷ್ಟು ಉಳಿದಿತ್ತು.

ಪಕ್ಕದಲ್ಲಿ ಕುಳಿತಿದ್ದ ಮಾರಾಟದ ಹುಡುಗ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡ. "ಗಾಜಿನ ಯೋಚನೆ ಬಿಡಿ ಸರ್, ಕ್ಯಾಮೆರಾ ಇದೆ" ಎಂದು ಒಳಗನ್ನಡಿಯ ಕೆಳಗಿದ್ದ ಸಣ್ಣ ಸನ್ನೆಕೋಲನ್ನು ಎಳೆದ. ಕನ್ನಡಿ ಪರದೆಯಾಯಿತು. ವಿಶಾಲವಾದ, ಬೆಳಕು ತುಂಬಿದ ಚಿತ್ರ. ನನಗೆ ಮಾತ್ರ ಅದು ಮಸುಕು. ಇದು ಕ್ಯಾಮೆರಾದ ತಪ್ಪಲ್ಲ, ವಯಸ್ಸಿನದು. ಸಮತಟ್ಟಾದ ಕನ್ನಡಿಯಲ್ಲಿ ಐವತ್ತು ಮೀಟರ್ ಹಿಂದಿರುವ ಕಾರನ್ನು ನೋಡುವಾಗ ಕಣ್ಣು ನಿಜಕ್ಕೂ ಐವತ್ತು ಮೀಟರಿಗೇ ಹೊಂದಿಕೊಂಡಿರುತ್ತದೆ. ರಸ್ತೆಯಿಂದ ಕನ್ನಡಿಗೆ, ಕನ್ನಡಿಯಿಂದ ರಸ್ತೆಗೆ ದೃಷ್ಟಿ ಜಾರಿದರೂ ಕಣ್ಣಿನ ಮಸೂರಕ್ಕೆ ಹೆಚ್ಚು ಕೆಲಸವಿಲ್ಲ. ಪರದೆ ಹಾಗಲ್ಲ, ಚಿತ್ರ ಇರುವುದು ಮುಖದಿಂದ ಒಂದು ಮೊಳದಾಚೆ. ಓದಲು ಕನ್ನಡಕ ಹುಡುಕುವ ವಯಸ್ಸಿನವನಿಗೆ ಅದು ಪತ್ರಿಕೆಯ ಸಣ್ಣ ಅಕ್ಷರವಿದ್ದಂತೆ. ಇನ್ನೊಂದು ಸೂಕ್ಷ್ಮವೂ ಇದೆ: ಕನ್ನಡಿಯ ಮುಂದೆ ತಲೆಯನ್ನು ಚೂರು ಅತ್ತ ವಾಲಿಸಿದರೆ ಮರೆಯಲ್ಲಿದ್ದದ್ದು ಕಣ್ಣಿಗೆ ಬೀಳುತ್ತದೆ. ಪರದೆಯ ಮುಂದೆ ಎಷ್ಟು ವಾಲಿದರೂ ಅದೇ ಚಿತ್ರ. 2018ರಲ್ಲಿ ಜಪಾನಿನಲ್ಲಿ ಲೆಕ್ಸಸ್ ಇಎಸ್ ಕಾರು ಪಕ್ಕದ ಕನ್ನಡಿಗಳ ಬದಲು ಕ್ಯಾಮೆರಾ ಇಟ್ಟುಕೊಂಡು ಬಂದಾಗ ಇನ್ನು ಕನ್ನಡಿಯ ಕಾಲ ಮುಗಿಯಿತು ಎಂದುಕೊಂಡಿದ್ದೆ. ಇನ್ನೂ ಮುಗಿದಿಲ್ಲ; ನನ್ನಂಥವರ ಕಣ್ಣುಗಳೂ ಅದಕ್ಕೊಂದು ಕಾರಣವಿರಬೇಕು.

ಹಿಂದೆ ಕಾಣದಿರುವುದನ್ನು ಕಸುವಿನ ಕಾರುಗಳು ಒಂದು ಕಾಲಕ್ಕೆ ಹೆಮ್ಮೆಯಂತೆ ಹೊತ್ತು ತಿರುಗುತ್ತಿದ್ದವು. 1974ರಲ್ಲಿ ಮಾರಾಟಕ್ಕೆ ಬಂದ ಲ್ಯಾಂಬೋರ್ಗಿನಿ ಕೌಂಟಾಶ್‌ನ ಮೊದಲ ಕಾರುಗಳಿಗೆ 'ಪೆರಿಸ್ಕೋಪಿಯೋ' ಎಂಬ ಅಡ್ಡಹೆಸರು ಬಂತು. ಹಿಂದಿನ ಕಿಟಕಿಯಿಂದ ಏನೂ ಕಾಣದ್ದರಿಂದ, ಜಲಾಂತರ್ಗಾಮಿಯ ಪೆರಿಸ್ಕೋಪಿನಂತೆ ಚಾವಣಿಯ ಮೇಲಿನಿಂದ ನೋಡಲೆಂದು ನಡುವೆ ಒಂದು ಕಾಲುವೆ ಕೊರೆದಿದ್ದರು. ಆ ಕಾರನ್ನು ಹಿಂದಕ್ಕೆ ತೆಗೆಯಬೇಕಾದರೆ ಬಲ್ಲವರು ಬಾಗಿಲನ್ನು ಮೇಲಕ್ಕೆತ್ತಿ, ಅದರ ಹೊಸ್ತಿಲ ಮೇಲೆ ಕುಳಿತು, ಮೈಯನ್ನು ಅರ್ಧ ಹೊರಗೆ ಚಾಚಿ ನಡೆಸುತ್ತಿದ್ದರು. ಚಿತ್ರದಲ್ಲಿ ನೋಡಲು ಸೊಗಸು. ನನ್ನ ಸೊಂಟಕ್ಕೆ ಒಗ್ಗುವ ವಿದ್ಯೆಯಲ್ಲ.

ಹೀಗೆ ಹ್ಯಾಚ್‌ಬ್ಯಾಕ್ ಉಳಿಯಿತು. ಅದರಲ್ಲೂ ಕೊರತೆಗಳಿವೆ. ಮುಂದಿನ ಎರಡು ಚಕ್ರಗಳೇ ಎಳೆಯಬೇಕು, ಅವೇ ತಿರುಗಬೇಕು. ಒಮ್ಮೆಲೇ ಆಕ್ಸಿಲರೇಟರ್ ಒತ್ತಿದರೆ ಸ್ಟೀರಿಂಗು ಕೈಯಲ್ಲಿ ಮಿಸುಕಾಡುತ್ತದೆ. ಸ್ಪ್ರಿಂಗು ಗಟ್ಟಿ, ರಸ್ತೆಯ ಪ್ರತಿ ಗಂಟನ್ನೂ ಬೆನ್ನಿಗೆ ವರದಿ ಮಾಡುತ್ತದೆ. ಆದರೆ ಸೀಟಿನಲ್ಲಿ ಕುಳಿತು ಸುತ್ತ ನೋಡಿದರೆ ಜಗತ್ತು ಕಾಣುತ್ತಿತ್ತು. ನೋಟ್‌ಬುಕ್‌ನಲ್ಲಿ ಇದಕ್ಕೊಂದು ಕಾಲಂ ನಾನು ಎಳೆದೇ ಇರಲಿಲ್ಲ.

ಕಾರನ್ನು ಒಪ್ಪಿಸುವಾಗ ಆ ಷೋರೂಮಿನವರು ಎರಡು ಗಂಟೆ ಪರದೆಯ ಬಗ್ಗೆ, ಫೋನ್ ಜೋಡಿಸುವುದರ ಬಗ್ಗೆ, ಒಳದೀಪದ ಬಣ್ಣ ಬದಲಿಸುವುದರ ಬಗ್ಗೆ ಹೇಳಿಕೊಟ್ಟರು. ಕನ್ನಡಿಗೆ ಅರ್ಧ ನಿಮಿಷ. "ಈ ಗುಂಡಿ ಒತ್ತಿ, ಹೇಗೆ ಬೇಕೋ ಹಾಗೆ ಇಟ್ಟುಕೊಳ್ಳಿ ಸರ್." ನಾನು ಹೇಗೆ ಬೇಕೋ ಹಾಗೆ ಇಟ್ಟುಕೊಂಡೆ. ಅಂದರೆ, ಆ ಉಬ್ಬು ಚೆನ್ನಾಗಿ ಕಾಣುವ ಹಾಗೆ.

ಇದು ತಿಳಿಯದೆ ಮಾಡಿದ ತಪ್ಪಲ್ಲ. ಎಂಟು ವರ್ಷದ ಹಿಂದೆ, ಹಳೆಯ ಕಾರಿನಲ್ಲಿ, ಮುಸ್ಸಂಜೆಯ ಹೆದ್ದಾರಿಯಲ್ಲಿ ನನಗೆ ಪಾಠವಾಗಿತ್ತು. ಮುಂದೆ ಒಂದು ನಿಧಾನದ ಲಾರಿ. ಒಳಗನ್ನಡಿ ನೋಡಿದೆ, ಪಕ್ಕದ ಕನ್ನಡಿ ನೋಡಿದೆ, ಇಂಡಿಕೇಟರ್ ಹಾಕಿದೆ, ತಿರುಗಿಸಿದೆ. ಕಿವಿಯ ಪಕ್ಕದಲ್ಲೇ ಹಾರ್ನ್ ಕಿರುಚಿತು. ಮರಳಿ ನನ್ನ ಲೇನಿಗೆ ಎಳೆದುಕೊಂಡೆ. ಬೈಕಿನವನು ರಸ್ತೆಯ ಅಂಚಿನ ಬಿಳಿಗೆರೆಯ ಮೇಲೆ ಹೇಗೋ ಸಂಭಾಳಿಸಿಕೊಂಡು ಮುಂದೆ ಹೋದ. ಹೋಗುತ್ತ ಒಮ್ಮೆ ನನ್ನ ಕಡೆ ತಿರುಗಿದ. ಹೆಲ್ಮೆಟ್ಟಿನ ಗಾಜಿನ ಹಿಂದೆ ಮುಖ ಕಾಣಲಿಲ್ಲ. ಕಂಡಿದ್ದರೆ ಬೈಗುಳವಾದರೂ ಸಿಕ್ಕಿ ಲೆಕ್ಕ ತೀರುತ್ತಿತ್ತು. ಕೈ ನಡುಗುತ್ತಿತ್ತು, ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ನಾನು ನೋಡಿದ್ದೆನಲ್ಲ! ನೋಡಿಯೇ ತಿರುಗಿಸಿದ್ದೆನಲ್ಲ! ನಿಂತ ಕಾರಿನಲ್ಲಿ ಆ ಕನ್ನಡಿಯನ್ನು ಇನ್ನೊಮ್ಮೆ ನೋಡಿದೆ. ಅದರ ಮೂರನೇ ಒಂದು ಭಾಗದಲ್ಲಿ ನನ್ನದೇ ಕಾರಿನ ಹಿಂಬಾಗಿಲು, ಬಾಗಿಲಿಗೊಂದು ಹಿಡಿಕೆ. ಆ ಹಿಡಿಕೆ ಎಂದಾದರೂ ನನ್ನನ್ನು ಹಿಂದಿಕ್ಕುವ ಸಂಭವವಿರಲಿಲ್ಲ. ಆದರೂ ಅಷ್ಟು ವರ್ಷ ಅದನ್ನೇ ಕಾಯುತ್ತ ಕುಳಿತಿದ್ದೆ.

ಆ ರಾತ್ರಿಯೇ ಓದಲು ಕುಳಿತವನಿಗೆ ಜಾರ್ಜ್ ಪ್ಲಾಟ್ಸರ್ ಎಂಬ ಅಮೆರಿಕದ ಎಂಜಿನಿಯರ್ 1995ರಲ್ಲಿ ಮಂಡಿಸಿದ ವಿಚಾರ ಸಿಕ್ಕಿತು. ಅವನ ಮಾತು ರೇಖಾಗಣಿತದಷ್ಟೇ ಸರಳ. ರೂಢಿಯಂತೆ ಪಕ್ಕದ ಕನ್ನಡಿಯಲ್ಲಿ ನಮ್ಮ ಕಾರಿನ ಮೈ ಕಾಣುವಂತೆ ಇಟ್ಟರೆ ಆ ಕನ್ನಡಿ ತೋರಿಸುವುದರಲ್ಲಿ ಹೆಚ್ಚಿನ ಪಾಲು ಒಳಗನ್ನಡಿ ಆಗಲೇ ತೋರಿಸಿದ ದೃಶ್ಯ. ಒಂದೇ ದೃಶ್ಯವನ್ನು ಮೂರು ಕನ್ನಡಿಗಳಲ್ಲಿ ನೋಡಿ, ಅದರ ಎರಡೂ ಪಕ್ಕಕ್ಕಿರುವ ಕಾರುಗಳನ್ನು ಬಿಟ್ಟುಬಿಡುತ್ತೇವೆ. ಪಕ್ಕದ ಕನ್ನಡಿಗಳನ್ನು ಹೊರಕ್ಕೆ ತಿರುಗಿಸಿ, ಒಳಗನ್ನಡಿಯ ನೋಟ ಮುಗಿಯುವಲ್ಲಿಂದ ಅವುಗಳ ನೋಟ ಶುರುವಾಗುವಂತೆ ಮಾಡಿದರೆ, ಯಾವ ಕನ್ನಡಿಗೂ ಸಿಗದ ಕುರುಡು ಜಾಗದ ಬಹುಪಾಲು ಇಲ್ಲವಾಗುತ್ತದೆ. ರಾತ್ರಿ ಹಿಂದಿನವರ ದೀಪ ಪಕ್ಕದ ಕನ್ನಡಿಯಿಂದ ಕಣ್ಣಿಗೆ ಹೊಡೆಯುವುದೂ ತಪ್ಪುತ್ತದೆ. ಈ ಎರಡನೆಯ ಲಾಭಕ್ಕಾಗಿಯೇ ನಾನು ಒಪ್ಪುತ್ತಿದ್ದೆನೇನೋ.

ಮೂರನೆಯ ದಿನ ಈ ಕೆಲಸಕ್ಕೆ ಮಗಳ ಸಹಾಯ ಪಡೆದೆ. ಅವಳೂ ಈಗ ಡ್ರೈವಿಂಗ್ ಕಲಿಯುತ್ತಿದ್ದಾಳೆ. ಖಾಲಿ ಮೈದಾನದಲ್ಲಿ ಕಾರು ನಿಲ್ಲಿಸಿ ಮೊದಲು ಸೀಟನ್ನೇ ಸರಿ ಮಾಡಿಕೊಂಡೆ. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಚೂರು ಬಾಗಿರಬೇಕು. ಬೆನ್ನು ಸೀಟಿಗೆ ತಾಗಿರುವಾಗಲೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿನ ಮೇಲೆ ಕೂರಬೇಕು. ಕಸುವಿನ ಕಾರುಗಳಲ್ಲಿ ಇದಕ್ಕೆ ಹೆಚ್ಚಿನ ಬೆಲೆ. ತಿರುವಿನಲ್ಲಿ ಮೈ ಪಕ್ಕಕ್ಕೆ ಎಳೆದಾಗ ಸ್ಟೀರಿಂಗನ್ನು ಹಿಡಿದು ನೇತಾಡುವ ಹಾಗಾಗಬಾರದು. ಕನ್ನಡಿಯ ಸರದಿ ಆಮೇಲೆ. ಸೀಟು ಎರಡು ಬೆರಳು ಸರಿದರೆ ಕನ್ನಡಿಯ ಲೆಕ್ಕವೆಲ್ಲ ತಲೆಕೆಳಗು. ಬೆಳಿಗ್ಗೆ ಸರಿಯಾಗಿದ್ದ ಒಳಗನ್ನಡಿ ಸಂಜೆಗೆ ತಪ್ಪಿದಂತೆ ಕಂಡರೆ ನಾನೀಗ ಅದನ್ನು ಮುಟ್ಟುವುದಿಲ್ಲ. ಕುಸಿದಿರುವುದು ನನ್ನ ಬೆನ್ನು. ನೆಟ್ಟಗೆ ಕುಳಿತರೆ ಕನ್ನಡಿಯೂ ಸರಿಹೋಗುತ್ತದೆ.

ಒಳಗನ್ನಡಿಯಲ್ಲಿ ಹಿಂದಿನ ಗಾಜು ಇಡಿಯಾಗಿ ಕಾಣುವಂತೆ ಇಟ್ಟೆ. ನಂತರ ತಲೆಯನ್ನು ಪಕ್ಕದ ಕಿಟಕಿಯ ಗಾಜಿಗೆ ತಾಗಿಸಿ, ಆ ಬದಿಯ ಕನ್ನಡಿಯಲ್ಲಿ ಕಾರಿನ ಮೈ ದಾರದೆಳೆಯಷ್ಟು ಕಾಣುವ ತನಕ ಹೊರಕ್ಕೆ ತಿರುಗಿಸಿದೆ. ಇನ್ನೊಂದು ಬದಿಗೆ ತಲೆಯನ್ನು ಕಾರಿನ ನಡುಮಧ್ಯಕ್ಕೆ, ಎರಡೂ ಸೀಟುಗಳ ನಡುವಿನ ಜಾಗಕ್ಕೆ ವಾಲಿಸಿ ಅದೇ ಕೆಲಸ. ನೆಟ್ಟಗೆ ಕುಳಿತೆ. ಎರಡೂ ಕನ್ನಡಿಗಳಲ್ಲಿ ಕಾರು ಮಾಯ. ಅಪರಿಚಿತ ಮೈದಾನವೊಂದು ಎರಡು ತುಂಡಾಗಿ ತೇಲುತ್ತಿತ್ತು. ಈ ಗಳಿಗೆಯಲ್ಲೇ ಬಹಳ ಜನ ಕೈಬಿಡುತ್ತಾರೆ. ನಮ್ಮ ಕಾರು ಕಾಣದಿದ್ದರೆ ಕಾಣುತ್ತಿರುವುದು ಎಲ್ಲಿಯದೆಂದು ಮನಸ್ಸಿಗೆ ಹೊಳೆಯುವುದಿಲ್ಲ, ತೇಲಿದ ಹಾಗಾಗುತ್ತದೆ. ಅದಕ್ಕೇ ಮಗಳು.

ಅವಳು ಕಾರಿನ ಹಿಂದಿನಿಂದ, ಪಕ್ಕದ ಲೇನಿನಲ್ಲಿ ಬರುವ ಕಾರಿನಂತೆ, ಮೆಲ್ಲಗೆ ನಡೆದು ಬಂದಳು. ಮೊದಲು ಒಳಗನ್ನಡಿಯಲ್ಲಿ ಕಂಡಳು. ಅಲ್ಲಿಂದ ಜಾರುತ್ತಿದ್ದಂತೆಯೇ ಪಕ್ಕದ ಕನ್ನಡಿಯ ಒಳ ಅಂಚಿನಲ್ಲಿ ಮೂಡಿದಳು. "ಈಗ ಕಾಣಿಸುತ್ತಿದ್ದೇನಾ, ಅಪ್ಪಾ?" "ಕಾಣಿಸುತ್ತೀಯ, ಬಾ." ಕನ್ನಡಿಯ ಹೊರ ಅಂಚಿಗೆ ಬಂದು ಅರ್ಧ ಕತ್ತರಿಸಿದಂತಾದಾಗ, ಉಳಿದರ್ಧ ಆಗಲೇ ನನ್ನ ಕಣ್ಣಂಚಿಗೆ ಸಿಕ್ಕಿತ್ತು. ಒಂದು ಕೈಯಿಂದ ಇನ್ನೊಂದು ಕೈಗೆ ಮಗುವನ್ನು ದಾಟಿಸಿದ ಹಾಗೆ. ನಡುವೆ ಎಲ್ಲೂ ಅವಳು ಕಳೆದುಹೋಗಲಿಲ್ಲ. ಆಮೇಲೆ ಹಳೆಯ ರೀತಿಯಲ್ಲಿ ಇಟ್ಟು ಇನ್ನೊಮ್ಮೆ ನಡೆಸಿದೆ. ಹಿಂದಿನ ಚಕ್ರದ ನೇರಕ್ಕೆ ಬಂದಾಗ ನಾಲ್ಕು ಹೆಜ್ಜೆಯಷ್ಟು ದೂರ ಅವಳು ಇರಲೇ ಇಲ್ಲ.

ಅವಳು ಒಪ್ಪಿದಳೇ? ಇಲ್ಲ. "ನಮ್ಮ ಕಾರಿನ ಅಂಚು ಚೂರಾದರೂ ಕಾಣಬೇಕು, ಇಲ್ಲದಿದ್ದರೆ ದೂರದ ಅಳತೆ ಸಿಗುವುದಿಲ್ಲ ಎಂದು ನಮ್ಮ ಮೇಷ್ಟ್ರು ಹೇಳಿದ್ದಾರೆ" ಎಂದಳು. ಅವರ ಮಾತಿನಲ್ಲೂ ಹುರುಳಿದೆ. ಹಿಂದಕ್ಕೆ ತೆಗೆದು ಗೋಡೆಯ ಪಕ್ಕ ನಿಲ್ಲಿಸುವಾಗ ಕಾರಿನ ಅಂಚು ಕಾಣಲೇಬೇಕು. ಹಿಂದಿನ ಸೀಟಿನಲ್ಲಿ ಚಾವಣಿಯವರೆಗೆ ಸಾಮಾನು ತುಂಬಿ ಒಳಗನ್ನಡಿ ಕುರುಡಾದ ದಿನ ಪಕ್ಕದವನ್ನು ಒಳಕ್ಕೆ ತಿರುಗಿಸಿಕೊಳ್ಳಬೇಕು. ಪರೀಕ್ಷೆ ಮುಗಿಯುವ ತನಕ ಮೇಷ್ಟ್ರು ಹೇಳಿದಂತೆಯೇ ನಡೆ ಎಂದೆ. ಮನೆಯಲ್ಲಿ ಎರಡು ಶಾಸ್ತ್ರ ನಡೆದರೆ ತಪ್ಪೇನಿಲ್ಲ.

ಇನ್ನು ನನ್ನನ್ನು ಒಂದು ವಾರ ನಿದ್ದೆಗೆಡಿಸಿದ ಲೆಕ್ಕಕ್ಕೆ ಬರುತ್ತೇನೆ. ಒಳಗನ್ನಡಿ ಸಮತಟ್ಟು. ನನ್ನ ಕಾರಿನ ಪಕ್ಕದವೆರಡೂ ಉಬ್ಬುಗನ್ನಡಿಗಳು. ಹೆಚ್ಚು ಅಗಲವನ್ನು ತೋರಿಸುತ್ತವೆ, ಆದರೆ ಎಲ್ಲವನ್ನೂ ಕುಗ್ಗಿಸಿ. ಅಮೆರಿಕದಲ್ಲಿ ಚಾಲಕನ ಬದಿಯ ಕನ್ನಡಿ ಸಮತಟ್ಟಾಗಿರಬೇಕೆಂದು ನಿಯಮವಿದೆ. ಇನ್ನೊಂದು ಬದಿಯದು ಉಬ್ಬಿದ್ದರೆ, ಕಾಣುವುದಕ್ಕಿಂತ ವಸ್ತುಗಳು ಹತ್ತಿರದಲ್ಲಿವೆ ಎಂದು ಅದರ ಮೇಲೆಯೇ ಕೆತ್ತಿರಬೇಕು. ಎಷ್ಟು ಹತ್ತಿರ? ಹೈಸ್ಕೂಲಿನ ಬೆಳಕಿನ ಪಾಠದ ಸೂತ್ರ ತೆಗೆದೆ. ಕನ್ನಡಿಯ ವಕ್ರತೆಯ ತ್ರಿಜ್ಯ 1.4 ಮೀಟರ್ ಎಂದು ಹಿಡಿದೆ. ಪಕ್ಕದ ಕನ್ನಡಿಗೆ ಅದು ಸಹಜವಾದ ಅಳತೆ. ಕಾರೊಂದು ಐವತ್ತು ಮೀಟರ್ ಹಿಂದಿದೆ ಎನ್ನಿ. ಒಳಗನ್ನಡಿಯಲ್ಲಿ ಅದು ಐವತ್ತು ಮೀಟರಿನಲ್ಲಿರುವ ಕಾರಿನ ಗಾತ್ರದಲ್ಲೇ ಕಾಣುತ್ತದೆ. ನನ್ನ ಬದಿಯ ಕನ್ನಡಿಯಲ್ಲಿ, ಕಣ್ಣಿನಿಂದ ಸುಮಾರು 70 ಸೆಂಟಿಮೀಟರ್ ದೂರ, ನೂರು ಮೀಟರಿನಲ್ಲಿರುವ ಕಾರಿನಷ್ಟು. ಆಚೆ ಬದಿಯ ಕನ್ನಡಿ ಇನ್ನೂ ದೂರ, ಸುಮಾರು 1.2 ಮೀಟರ್, ಅದರಲ್ಲಿ 137 ಮೀಟರಿನಲ್ಲಿರುವ ಕಾರಿನಷ್ಟು. ಒಂದೇ ಕಾರಿನ ಬಗ್ಗೆ ಮೂವರು ಸಾಕ್ಷಿಗಳು ಮೂರು ಮಾತು ಹೇಳುತ್ತಾರೆ, ಒಬ್ಬನೂ ಸುಳ್ಳು ಹೇಳುತ್ತಿಲ್ಲ.

ಅಭ್ಯಾಸದ ಬಲದಿಂದ ಮಿದುಳು ಇದನ್ನು ತಕ್ಕಮಟ್ಟಿಗೆ ತಿದ್ದಿಕೊಳ್ಳುತ್ತದೆ, ನಿಜ. ಗಾತ್ರವನ್ನೇ ನಂಬಿದರೆ ಏನಾಗುತ್ತದೆ ಎಂದು ನೋಡಿ. ಒಬ್ಬರು 80ರಲ್ಲಿ ಹೋಗುತ್ತಿದ್ದಾರೆ. ಪಕ್ಕದ ಲೇನಿನಲ್ಲಿ ಐವತ್ತು ಮೀಟರ್ ಹಿಂದೆ ಒಂದು ಕಾರು 120ರಲ್ಲಿ ಬರುತ್ತಿದೆ. ವ್ಯತ್ಯಾಸ 40, ಅಂದರೆ ಸೆಕೆಂಡಿಗೆ ಹನ್ನೊಂದು ಮೀಟರ್. ಆಚೆ ಬದಿಯ ಕನ್ನಡಿಯಲ್ಲಿ ಕಂಡ ಗಾತ್ರದ ಪ್ರಕಾರ ಅವರಿಗೆ ಹನ್ನೆರಡು ಸೆಕೆಂಡು ಬಿಡುವಿದೆ. ನಿಜಕ್ಕೂ ಇರುವುದು ನಾಲ್ಕೂವರೆ. ಲೇನ್ ಬದಲಿಸುವುದಕ್ಕೇ ಮೂರು ನಾಲ್ಕು ಸೆಕೆಂಡು ಬೇಕು.

ಇಷ್ಟು ಬರೆದು ಪೆನ್ನು ಕೆಳಗಿಟ್ಟಾಗ ಹೊಳೆಯಿತು. ನೋಟ್‌ಬುಕ್‌ನಲ್ಲಿ ನಾನು 80ರಲ್ಲಿ ಹೋಗುವವನ ಜಾಗದಲ್ಲಿ ಕುಳಿತು ಲೆಕ್ಕ ಮಾಡುತ್ತಿದ್ದೆ. ಹಳೆಯ ಕಾರಿನ ಅಭ್ಯಾಸ. ಈಗ 120ರಲ್ಲಿ ಬರುವವನು ನಾನು. ಕನ್ನಡಿಯೊಳಗೆ ಪುಟ್ಟದಾಗಿ, ದೂರದಲ್ಲಿ, ಇನ್ನೂ ಹೊತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತ ಬರುವ ಆ ಕಾರು ನನ್ನದು. ಮುಂದಿನವರ ಕನ್ನಡಿಯಲ್ಲಿ ಅಷ್ಟಾದರೂ ಕಂಡರೆ ಪುಣ್ಯ. ಅವರೂ ತಮ್ಮ ಬಾಗಿಲ ಹಿಡಿಕೆಯನ್ನೇ ಕಾಯುತ್ತಿರಬಹುದು. ಅಲ್ಲಿಂದಾಚೆಗೆ ಓಡಿಸುವ ರೀತಿಯೇ ಬದಲಾಯಿತು. ಯಾರನ್ನಾದರೂ ಸಮೀಪಿಸುವಾಗ ಪಾದ ತಾನಾಗಿ ಹಗುರವಾಗುತ್ತದೆ. ಅವರ ಹಿಂಬಾಗಿಲ ನೇರಕ್ಕೆ ಬಂದ ಮೇಲೆ ಅಲ್ಲಿ ಸುಮ್ಮನೆ ಜೊತೆಯಾಗಿ ಸಾಗುವುದಿಲ್ಲ. ಹಿಂದೆ ಉಳಿಯುತ್ತೇನೆ ಅಥವಾ ತಡಮಾಡದೆ ದಾಟುತ್ತೇನೆ. ಮುನ್ನೂರು ಅಶ್ವಶಕ್ತಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ಎರಡು ಸೆಕೆಂಡಿನ ದಾಟುವಿಕೆಯಲ್ಲಿ. ಉಳಿದಂತೆ ಅದು ಬ್ಯಾಂಕಿನಲ್ಲಿಟ್ಟ ಹಣ.

ಕಾರಿನ ಕನ್ನಡಿಯ ಇತಿಹಾಸವೂ ಈ ಓದಿನ ನಡುವೆ ಸಿಕ್ಕಿತು. 1909ರಲ್ಲೇ ಡಾರಥಿ ಲೆವಿಟ್ ಎಂಬ ಇಂಗ್ಲೆಂಡಿನ ರೇಸುಗಾರ್ತಿ, ಕಾರು ಓಡಿಸುವ ಹೆಂಗಸರು ಒಂದು ಕೈಗನ್ನಡಿ ಇಟ್ಟುಕೊಂಡು ಆಗಾಗ ಎತ್ತಿ ಹಿಡಿದು ಹಿಂದೆ ನೋಡಬೇಕೆಂದು ಬರೆದಿದ್ದಳು. ಕೀರ್ತಿ ಮಾತ್ರ ಎರಡು ವರ್ಷದ ನಂತರ ಇನ್ನೊಬ್ಬನಿಗೆ ಹೋಯಿತು. 1911ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮೊದಲ ಬಾರಿಗೆ ಐನೂರು ಮೈಲಿಯ ರೇಸು ನಡೆಯಿತು. ಎಲ್ಲ ಕಾರುಗಳಲ್ಲೂ ಚಾಲಕನ ಜೊತೆಗೊಬ್ಬ ಮೆಕ್ಯಾನಿಕ್. ಹಿಂದೆ ಯಾರು ಬರುತ್ತಿದ್ದಾರೆಂದು ಹೇಳುವುದು ಅವನ ಕೆಲಸಗಳಲ್ಲೊಂದು. ರೇ ಹ್ಯಾರನ್ ಮಾತ್ರ ಮಾರ್ಮನ್ ಕಂಪನಿಯ ಹಳದಿ ಕಾರಿನಲ್ಲಿ ಒಬ್ಬನೇ ಬಂದ. ಉಳಿದವರು ಅಪಾಯವೆಂದು ತಕರಾರು ತೆಗೆದರು. ಅವನು ಕಾರಿನ ಮೇಲೆ ಚೌಕಟ್ಟು ಕಟ್ಟಿ ಕನ್ನಡಿ ಕೂರಿಸಿದ, ಗಂಟೆಗೆ ಸುಮಾರು 120 ಕಿ.ಮೀ. ಸರಾಸರಿಯಲ್ಲಿ ಓಡಿಸಿ ಗೆದ್ದ. ನನಗೆ ಇಷ್ಟವಾಗುವುದು ಮುಂದಿನ ಭಾಗ. ಇಟ್ಟಿಗೆ ಹಾಸಿದ ಆ ಟ್ರ್ಯಾಕಿನ ಮೇಲೆ ಕನ್ನಡಿ ಎಷ್ಟು ಅದುರುತ್ತಿತ್ತೆಂದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲವೆಂದು ವರ್ಷಗಳ ನಂತರ ಅವನೇ ಒಪ್ಪಿಕೊಂಡನಂತೆ. ಇದೆ ಎಂದು ತೋರಿಸಲು ಇಟ್ಟ ಕನ್ನಡಿ. ನನ್ನ ಮೊದಲೆರಡು ದಿನದ್ದೂ ಅದೇ ಜಾತಿ.

ಹೊಸ ಕಾರಿನಲ್ಲಿ ಪಕ್ಕಕ್ಕೆ ಯಾರಾದರೂ ಬಂದರೆ ಕನ್ನಡಿಯ ಮೂಲೆಯಲ್ಲಿ ಕಿತ್ತಳೆ ದೀಪ ಹೊತ್ತಿಕೊಳ್ಳುತ್ತದೆ. ಒಳ್ಳೆಯ ಸಾಧನ, ಎರಡನೆಯ ಅಭಿಪ್ರಾಯದಂತೆ ಇಟ್ಟುಕೊಂಡಿದ್ದೇನೆ. ಕಾರು ಜಾರಿದರೆ ಸಂಭಾಳಿಸುವ ವ್ಯವಸ್ಥೆಯೂ ಇದೆ, ಅದನ್ನು ನಿಲ್ಲಿಸಿಬಿಡುವ ಗುಂಡಿಯೂ ಇದೆ. ಗುಂಡಿ ಹೊಚ್ಚ ಹೊಸದಾಗಿಯೇ ಉಳಿದಿದೆ. ಕನ್ನಡಿ ಎಷ್ಟೇ ಸರಿಯಾಗಿದ್ದರೂ ಲೇನ್ ಬದಲಿಸುವ ಮುನ್ನ ಭುಜದ ಮೇಲಿಂದ ಒಮ್ಮೆ ನೋಡುವುದನ್ನು ನಾನು ಬಿಟ್ಟಿಲ್ಲ. ಕಾರು ಅಡಗಲಾರದಷ್ಟು ಸಣ್ಣ ಸಂದಿ ಕನ್ನಡಿಗಳ ನಡುವೆ ಉಳಿದರೂ ಅದರಲ್ಲಿ ಒಂದು ಬೈಕು, ಒಂದು ಸೈಕಲ್ಲು ಸುಲಭವಾಗಿ ಹಿಡಿಸುತ್ತವೆ. ಆ ಹೆಲ್ಮೆಟ್ಟು ಈಗಲೂ ಒಮ್ಮೊಮ್ಮೆ ನನ್ನ ಕಡೆ ತಿರುಗುತ್ತದೆ.

ಚಾಲಕನ ಬಾಗಿಲಿನಲ್ಲಿ ಮೂರು ಗುಂಡಿಗಳಿವೆ. ಸೀಟು ಮತ್ತು ಕನ್ನಡಿಗಳು ಎಲ್ಲಿರಬೇಕೆಂದು ನೆನಪಿಟ್ಟುಕೊಳ್ಳಲು. ಒಂದನೆಯದು ನನ್ನದು. ಎರಡನೆಯದು ಹೆಂಡತಿಯದು, ಅವಳು ಕನ್ನಡಿಯನ್ನು ನನಗಿಂತಲೂ ಹೊರಗೆ ಇಟ್ಟುಕೊಂಡಿದ್ದಾಳೆ. ಮೂರನೆಯದು ಮಗಳಿಗೆಂದು ಮನೆಯವರೆಲ್ಲ ತಿಳಿದಿದ್ದಾರೆ. ಮೊನ್ನೆ ಅವಳು ಮೊದಲ ಸಲ ಆ ಸೀಟಿನಲ್ಲಿ ಕುಳಿತು ಅದನ್ನು ಒತ್ತಿದಳು. ಸೀಟು ನನ್ನ ಅಳತೆಗೇ ಸರಿಯಿತು, ಎರಡೂ ಕನ್ನಡಿಗಳು ಗುಂಯ್ ಎಂದು ಒಳಕ್ಕೆ ತಿರುಗಿ, ಹಿಂದಿನ ಚಕ್ರದ ಆ ಉಬ್ಬಿನ ಮೇಲೆ ಬಂದು ನಿಂತವು. ಅವಳು ಕನ್ನಡಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಕಾರು ನಿಂತಿರುವಾಗ ಮಾತ್ರ" ಎಂದೆ.